ಕಲ್ಲಿನೊಳಗಿನ ಡಾಂಬರು: ತೆಗೆಯುವ ಹಳೆಯ ಕ್ರಮ, ಹಸಿರು ಕ್ರಮ, ಮತ್ತು ನಮ್ಮ ಊರಿನ ರಸ್ತೆ



ನಮ್ಮ ಪುಟದ ಮಾಹಿತಿ ಲೇಖನಗಳ ಸಾಲಿನಲ್ಲಿ ಈ ಬಾರಿ ಡಾಂಬರಿನ ವಿಷಯವನ್ನು ತೆಗೆದುಕೊಂಡಿದ್ದೇವೆ. ಇದಕ್ಕೆ ಎರಡು ಕಾರಣಗಳಿವೆ. ಒಂದು, ಆದೋನಿ, ಕೌತಾಳಂ, ಹೊಳಗುಂದ, ಮಂತ್ರಾಲಯ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಇಂಥ ವಿಷಯಗಳು ತಮ್ಮ ಭಾಷೆಯಲ್ಲಿ ಸಿಗುವುದು ಕಡಿಮೆ. ಎರಡು, ನಮ್ಮ ಭಾಗದಿಂದ ಪ್ರತಿ ವರ್ಷ ಕೂಲಿಗಾಗಿ ವಲಸೆ ಹೋಗುವ ಕುಟುಂಬಗಳಲ್ಲಿ ರಸ್ತೆ ಕೆಲಸಕ್ಕೆ ಸೇರುವವರೂ ಇದ್ದಾರೆ. ಅವರ ಕೈ, ಕಣ್ಣು, ಉಸಿರು ಈ ವಸ್ತುವಿನ ಜೊತೆ ಇಡೀ ದಿನ ಇರುತ್ತವೆ. ಆದ್ದರಿಂದ ವಿಜ್ಞಾನದ ಜೊತೆಗೆ ಎಚ್ಚರಿಕೆಯ ಮಾತುಗಳನ್ನೂ ಕೊನೆಯಲ್ಲಿ ಸೇರಿಸಿದ್ದೇವೆ. ಶಿಕ್ಷಕ ಮಿತ್ರರು ತರಗತಿಯಲ್ಲಿ ಓದಿಸಬಹುದು.

1. ಡಾಂಬರು ಬೇರೆ, ಕಲ್ಲಿದ್ದಲಿನ ಟಾರು ಬೇರೆ

ನಾವು ಮಾತಿನಲ್ಲಿ ಎರಡನ್ನೂ ಟಾರು ಎಂದೇ ಕರೆಯುತ್ತೇವೆ. ಆದರೆ ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಕೋಕ್ ಮಾಡುವಾಗ ಇಳಿಯುವ ಕಪ್ಪು ದ್ರವ ನಿಜವಾದ ಟಾರು. ಕಚ್ಚಾ ಪೆಟ್ರೋಲಿಯಂನಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ದಪ್ಪ ಅಂಟು ಬಿಟುಮಿನ್. ಅದನ್ನೇ ಈ ಲೇಖನದಲ್ಲಿ ಡಾಂಬರು ಎಂದು ಕರೆದಿದ್ದೇವೆ. ಇಂದು ರಸ್ತೆಗೆ ಹಾಕುವುದು ಇದನ್ನೇ. ದಕ್ಷಿಣ ಭಾರತದಲ್ಲಿ ಮಂಗಳೂರು, ಚೆನ್ನೈ, ವಿಶಾಖಪಟ್ಟಣದ ತೈಲ ಶುದ್ಧೀಕರಣ ಕಾರ್ಖಾನೆಗಳಲ್ಲಿ ಇದು ತಯಾರಾಗುತ್ತದೆ. ದೇಶಕ್ಕೆ ಬೇಕಾದಷ್ಟು ಇಲ್ಲಿ ತಯಾರಾಗದ ಕಾರಣ ಹೊರದೇಶಗಳಿಂದಲೂ ಹಡಗಿನಲ್ಲಿ ತರಿಸಲಾಗುತ್ತದೆ.

ಈ ವ್ಯತ್ಯಾಸ ಆರೋಗ್ಯಕ್ಕೆ ಸಂಬಂಧಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕಲ್ಲಿದ್ದಲಿನ ಟಾರನ್ನು ಕ್ಯಾನ್ಸರ್ ತರುವುದು ಖಚಿತವೆಂದು ಮೊದಲ ಗುಂಪಿನಲ್ಲಿಟ್ಟಿದೆ. ರಸ್ತೆ ಕೆಲಸದಲ್ಲಿ ಡಾಂಬರಿನ ಹೊಗೆಗೆ ಒಡ್ಡಿಕೊಳ್ಳುವುದನ್ನು ಕ್ಯಾನ್ಸರ್ ತರುವ ಸಾಧ್ಯತೆ ಇದೆ ಎಂಬ ಕೆಳಗಿನ ಗುಂಪಿನಲ್ಲಿಟ್ಟಿದೆ. ಅಂದರೆ ಡಾಂಬರಿನಿಂದ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಇನ್ನೊಂದು ಸಂದೇಹವನ್ನೂ ಇಲ್ಲೇ ಬಗೆಹರಿಸೋಣ. ಆಯುರ್ವೇದದ ಅಂಗಡಿಯಲ್ಲಿ ಸಿಗುವ ಶಿಲಾಜಿತು ಕಲ್ಲಿನಿಂದ ಒಸರುವ ಕಪ್ಪು ಅಂಟೇ ಆದರೂ ಅದು ಡಾಂಬರಲ್ಲ. ಅದು ನೀರಿನಲ್ಲಿ ಬಹುಮಟ್ಟಿಗೆ ಕರಗುತ್ತದೆ. ಡಾಂಬರು ನೀರಿನಲ್ಲಿ ಕರಗುವುದಿಲ್ಲ.

2. ಡಾಂಬರು ಕಲ್ಲು ಎಲ್ಲಿದೆ, ನಮ್ಮಲ್ಲಿ ಏಕಿಲ್ಲ

ಕಾರ್ಖಾನೆ ಇಲ್ಲದ ಕಾಲದಲ್ಲೂ ಡಾಂಬರು ಇತ್ತು. ಮೊಹೆಂಜೊದಾರೊದ ಮಹಾಸ್ನಾನಗೃಹದಲ್ಲಿ ನೀರು ಸೋರದಂತೆ ಗೋಡೆಗೆ ಡಾಂಬರಿನ ಪದರ ಕೊಟ್ಟಿದ್ದರು. ಅದು ಭೂಮಿಯಿಂದ ತಾನಾಗಿ ಬಂದ ಡಾಂಬರು. ಭೂಗರ್ಭದ ಎಣ್ಣೆ ಬಿರುಕುಗಳ ಮೂಲಕ ಮೇಲಕ್ಕೆ ಬಂದು ಸುಣ್ಣದ ಕಲ್ಲು ಅಥವಾ ಮರಳುಗಲ್ಲಿನ ಸಣ್ಣ ರಂಧ್ರಗಳಲ್ಲಿ ನಿಲ್ಲುತ್ತದೆ. ಅದರ ಹಗುರ ಭಾಗ ಗಾಳಿಗೆ ಆರಿ ಹೋಗುತ್ತದೆ, ಒಂದಷ್ಟನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಉಳಿದ ಭಾರವಾದ ಅಂಟು ಕಲ್ಲಿನಲ್ಲೇ ನಿಲ್ಲುತ್ತದೆ. ಇದೇ ಡಾಂಬರು ಕಲ್ಲು.

ಹೆಸರಾದ ಕೆಲವು ಸ್ಥಳಗಳು ಇವು:

ಬುಟೋನ್ ದ್ವೀಪ, ಇಂಡೋನೇಷ್ಯಾ: 1920ರ ದಶಕದಿಂದ ಇಲ್ಲಿ ಗಣಿಗಾರಿಕೆ ನಡೆದಿದೆ. ಇಲ್ಲಿನ ಸುಣ್ಣದ ಕಲ್ಲಿನಲ್ಲಿ ಸ್ಥಳಕ್ಕೆ ತಕ್ಕಂತೆ ನೂರಕ್ಕೆ 10ರಿಂದ 40 ಭಾಗದವರೆಗೆ ಡಾಂಬರಿದೆ. ಆ ದೇಶದ ಅಂದಿನ ಅಧ್ಯಕ್ಷ ಜೋಕೊ ವಿಡೋಡೊ 2022ರಲ್ಲಿ ದ್ವೀಪಕ್ಕೆ ಭೇಟಿ ಕೊಟ್ಟು, ಆಮದು ಡಾಂಬರನ್ನು ನಿಲ್ಲಿಸಿ ಈ ಕಲ್ಲನ್ನೇ ಬಳಸಬೇಕೆಂಬ ಗುರಿ ಹೇಳಿದ್ದರು.

ವಾಲ್ ದ ಟ್ರಾವೆರ್ಸ್, ಸ್ವಿಟ್ಜರ್ಲೆಂಡ್: 18ನೇ ಶತಮಾನದ ಆರಂಭದಲ್ಲಿ ಪತ್ತೆಯಾದ ಗಣಿ. ಇಲ್ಲಿನ ಕಲ್ಲಿನ ಪುಡಿಯಿಂದ ಯುರೋಪಿನ ದೊಡ್ಡ ನಗರಗಳ ಬೀದಿಗಳಾದವು. 1986ರಲ್ಲಿ ಗಣಿ ಮುಚ್ಚಿತು. ಈಗ ಜನ ನೋಡಲು ಹೋಗುತ್ತಾರೆ.

ಟ್ರಿನಿಡಾಡ್‌ನ ಡಾಂಬರು ಕೆರೆ: ಇದು ಕಲ್ಲಲ್ಲ, ಸುಮಾರು 100 ಎಕರೆ ಹರಡಿರುವ ಗಟ್ಟಿ ಡಾಂಬರಿನ ಮಡು. ಮೇಲೆ ನಡೆದಾಡಬಹುದು.

ಆಲ್ಬರ್ಟಾ, ಕೆನಡಾ: ಇಲ್ಲಿರುವುದು ಡಾಂಬರು ಅಂಟಿದ ಮರಳು. ನೂರಕ್ಕೆ ಸುಮಾರು 10 ಭಾಗ ಡಾಂಬರು. ಜಗತ್ತಿನಲ್ಲೇ ದೊಡ್ಡ ಪ್ರಮಾಣದ ಕೆಲಸ ನಡೆಯುವುದು ಇಲ್ಲಿ.

ನಮ್ಮ ಆದೋನಿ ಬೆಟ್ಟಗಳ ಬಂಡೆಗಳು ಗ್ರಾನೈಟು ಜಾತಿಯವು. ಭೂಮಿಯ ಆಳದ ಬಿಸಿ ಕರಗುಕಲ್ಲು ಆರಿ ಗಟ್ಟಿಯಾದವು. ಎಣ್ಣೆ ಹುಟ್ಟಬೇಕಾದರೆ ಹಳೆಯ ಸಮುದ್ರ ಅಥವಾ ಸರೋವರದ ತಳದಲ್ಲಿ ಜೀವಿಗಳ ಅವಶೇಷ ಕೆಸರಿನೊಂದಿಗೆ ಹೂತು, ಬಹುಕಾಲ ತಕ್ಕ ಬಿಸಿಯಲ್ಲಿರಬೇಕು. ಗ್ರಾನೈಟಿನಲ್ಲಿ ಅದು ನಡೆಯುವುದಿಲ್ಲ. ಆದ್ದರಿಂದ ನಮ್ಮ ಬೆಟ್ಟದಲ್ಲಿ ಜೆಲ್ಲಿ ಸಿಗುತ್ತದೆ, ಡಾಂಬರು ಸಿಗುವುದಿಲ್ಲ. ಹಾಗಿದ್ದರೂ ಈ ವಿಷಯ ನಮಗೆ ಏಕೆ ಬೇಕು ಎಂಬುದಕ್ಕೆ 6ನೇ ಭಾಗದಲ್ಲಿ ಉತ್ತರವಿದೆ.

3. ಡಾಂಬರನ್ನು ಬೇರ್ಪಡಿಸುವ ಹಳೆಯ ಮೂರು ಕ್ರಮಗಳು

ಬಿಸಿನೀರಿನ ಕ್ರಮ. ಕೆನಡಾದ ಕಾರ್ಲ್ ಕ್ಲಾರ್ಕ್ ಎಂಬ ರಸಾಯನ ವಿಜ್ಞಾನಿ 1920ರ ದಶಕದಲ್ಲಿ ಇದನ್ನು ರೂಪಿಸಿದರು. ಡಾಂಬರು ಮರಳನ್ನು ಬಿಸಿನೀರು ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಜೊತೆ ಕಲಕಿದರೆ ಡಾಂಬರು ಮರಳಿನಿಂದ ಬಿಡುತ್ತದೆ. ಗಾಳಿಯ ಗುಳ್ಳೆಗೆ ಅಂಟಿಕೊಂಡು ಮೊಸರು ಕಡೆದಾಗ ಬೆಣ್ಣೆ ತೇಲುವಂತೆ ಮೇಲೆ ಬರುತ್ತದೆ. ಅಲ್ಲಿ 1967ರಲ್ಲಿ ದೊಡ್ಡ ಉತ್ಪಾದನೆ ಆರಂಭವಾಯಿತು. ತೊಂದರೆ ಇರುವುದು ಉಳಿದ ನೀರಿನಲ್ಲಿ. ಅದರಲ್ಲಿ ನುಣ್ಣನೆಯ ಜೇಡಿ, ಉಳಿದ ಎಣ್ಣೆ, ಜಲಚರಗಳಿಗೆ ವಿಷವಾದ ಆಮ್ಲಗಳು ಇರುತ್ತವೆ. ಜೇಡಿ ವರ್ಷಗಟ್ಟಲೆ ತಳ ಸೇರುವುದಿಲ್ಲ. ಆ ನೀರನ್ನು ದೊಡ್ಡ ಕೊಳಗಳಲ್ಲಿ ನಿಲ್ಲಿಸಿಟ್ಟಿದ್ದಾರೆ. 2008ರಲ್ಲಿ ಇಂಥ ಒಂದು ಕೊಳದಲ್ಲಿ ಇಳಿದ ಸುಮಾರು 1,600 ಬಾತುಕೋಳಿಗಳು ಸತ್ತವು. ಅಲ್ಲಿಂದ ಜಗತ್ತಿನ ಗಮನ ಈ ಕಡೆ ತಿರುಗಿತು.

ಬಿಸಿನೀರು ಎಲ್ಲ ಕಲ್ಲಿಗೂ ಒಗ್ಗುವುದಿಲ್ಲ. ಆಲ್ಬರ್ಟಾದ ಮರಳಿನಲ್ಲಿ ಮರಳಿನ ಕಣಕ್ಕೂ ಡಾಂಬರಿಗೂ ನಡುವೆ ತೆಳುವಾದ ನೀರಿನ ಪೊರೆ ಇದೆ, ಆದ್ದರಿಂದ ಸುಲಭವಾಗಿ ಬಿಡುತ್ತದೆ. ಸುಣ್ಣದ ಕಲ್ಲಿನಲ್ಲಿ ಡಾಂಬರು ನೇರವಾಗಿ ಕಲ್ಲಿಗೇ ಹಿಡಿದಿರುತ್ತದೆ. ನೀರು ಮಾತ್ರ ಹಾಕಿದರೆ ಅದು ಜಗ್ಗುವುದಿಲ್ಲ.

ದ್ರಾವಕದ ಕ್ರಮ. ಟೊಲ್ಯೂಯಿನ್, ಹೆಪ್ಟೇನ್, ಸೀಮೆಎಣ್ಣೆ, ಟ್ರೈಕ್ಲೋರೋಎಥಿಲೀನ್ ಮುಂತಾದ ದ್ರವಗಳಲ್ಲಿ ಕಲ್ಲಿನ ಪುಡಿಯನ್ನು ನೆನೆಸಿದರೆ ಡಾಂಬರು ಪೂರ್ಣವಾಗಿ ಅಥವಾ ಬಹುಭಾಗ ಕರಗಿ ಬರುತ್ತದೆ. ಸೋಸಿ, ಕಾಯಿಸಿ, ದ್ರಾವಕವನ್ನು ಆವಿ ಮಾಡಿ ಮತ್ತೆ ಹಿಡಿದುಕೊಳ್ಳುತ್ತಾರೆ. ಇಳುವರಿ ಒಳ್ಳೆಯದು. ಆದರೆ ಬೆಂಕಿಯ ಭಯ ಇದೆ, ಆವಿ ಉಸಿರಿಗೆ ಕೆಟ್ಟದ್ದು, ಸೋಸಿದ ಕಲ್ಲಿನಲ್ಲಿ ದ್ರಾವಕ ಉಳಿಯುತ್ತದೆ. ಟ್ರೈಕ್ಲೋರೋಎಥಿಲೀನ್ ಮತ್ತು ಬೆಂಜೀನ್ ಎರಡೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿವೆ. ರಸ್ತೆಯ ಮಾದರಿಯಲ್ಲಿ ಡಾಂಬರು ಎಷ್ಟಿದೆ ಎಂದು ಅಳೆಯುವ ಪ್ರಯೋಗಾಲಯಗಳಲ್ಲಿ ಇವೇ ದ್ರಾವಕಗಳನ್ನು ಬಹುಕಾಲ ಬಳಸುತ್ತಿದ್ದರು ಎಂಬುದನ್ನು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಓದುವ ನಮ್ಮ ಮಕ್ಕಳು ತಿಳಿದಿರಬೇಕು.

ಸುಡುವ ಕ್ರಮ. ಕಲ್ಲನ್ನು ಮುಚ್ಚಿದ ಕುಲುಮೆಯಲ್ಲಿ ಸುಮಾರು 500 ಡಿಗ್ರಿಗೆ ಕಾಯಿಸಿದರೆ ಡಾಂಬರು ಒಡೆದು ಎಣ್ಣೆಯೂ ಅನಿಲವೂ ಆಗುತ್ತದೆ. ಇಂಧನ ಬೇಕಾದವರಿಗೆ ಇದು ಸರಿ. ರಸ್ತೆಗೆ ಅಂಟು ಬೇಕಾದವರಿಗೆ ಆ ಅಂಟುಗುಣವೇ ಹೋಗಿಬಿಡುತ್ತದೆ. ಹೊಗೆಯೂ ಹೆಚ್ಚು.

4. ಹಸಿರು ಎನ್ನಬಹುದಾದ ಕ್ರಮಗಳು

(ಅ) ಬೇರ್ಪಡಿಸದೆ ಬಳಸುವುದು. ಇದು ಎಲ್ಲಕ್ಕಿಂತ ಸರಳ. ಸ್ವಿಟ್ಜರ್ಲೆಂಡಿನಲ್ಲಿ ಕಲ್ಲನ್ನು ಪುಡಿ ಮಾಡಿ, ಬಿಸಿ ಮಾಡಿ, ಬೀದಿಗೆ ಹರಡಿ ಅದುಮುತ್ತಿದ್ದರು. ಕಲ್ಲಿನೊಳಗಿನ ಡಾಂಬರೇ ಅಂಟಾಗಿ ಹಿಡಿಯುತ್ತಿತ್ತು. ಬುಟೋನ್‌ನಲ್ಲಿಯೂ ಕಲ್ಲನ್ನು ಕಾಳಿನಂತೆ ಒಡೆದು ಸಾಮಾನ್ಯ ಡಾಂಬರು ಮಿಶ್ರಣಕ್ಕೆ ಸೇರಿಸುವ ಪದ್ಧತಿ ಇದೆ. ಕಲ್ಲಿನ ಪುಡಿ ಹೇಗೂ ರಸ್ತೆಗೆ ಬೇಕಾದ ವಸ್ತು. ಆದ್ದರಿಂದ ಕಸವೇ ಉಳಿಯುವುದಿಲ್ಲ. ಆದರೆ ಎಲ್ಲ ಕಲ್ಲಿನಲ್ಲೂ ಡಾಂಬರು ಒಂದೇ ಸಮನಾಗಿರುವುದಿಲ್ಲ. ಒಂದು ಲೋಡಿಗೂ ಇನ್ನೊಂದು ಲೋಡಿಗೂ ವ್ಯತ್ಯಾಸ ಬಂದರೆ ರಸ್ತೆಯ ಗುಣವೂ ವ್ಯತ್ಯಾಸವಾಗುತ್ತದೆ.

(ಆ) ಸಸ್ಯಮೂಲದ ದ್ರಾವಕ. ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯಿಂದ ಬರುವ ಲಿಮೊನೀನ್ ಎಂಬ ಎಣ್ಣೆ ಡಾಂಬರನ್ನು ಚೆನ್ನಾಗಿ ಕರಗಿಸುತ್ತದೆ. ಕಿತ್ತಳೆ ಸಿಪ್ಪೆಯನ್ನು ಹಿಂಡಿದಾಗ ಕಣ್ಣಿಗೆ ಸಿಡಿಯುವುದು ಇದೇ. ಸಸ್ಯತೈಲದಿಂದ ಮಾಡಿದ ಬಯೋಡೀಸೆಲ್ ಕೂಡ ಕರಗಿಸಬಲ್ಲದು. ಇವು ಮತ್ತೆ ಬೆಳೆಯುವ ಮೂಲದವು, ಕ್ಲೋರಿನ್ ಇಲ್ಲದವು. ಆದರೆ ಇವು ಕುದಿಯುವ ಉಷ್ಣತೆ ಹೆಚ್ಚು. ಲಿಮೊನೀನ್ ಸುಮಾರು 176 ಡಿಗ್ರಿಗೆ ಕುದಿಯುತ್ತದೆ. ಡಾಂಬರಿನಿಂದ ಅದನ್ನು ಮರಳಿ ಪಡೆಯಲು ಹೆಚ್ಚು ಬೆಂಕಿ ಬೇಕು. ಬಯೋಡೀಸೆಲ್ ಇನ್ನೂ ಕಷ್ಟ, ಅದು ಡಾಂಬರಿನಲ್ಲಿ ಉಳಿದು ಅದನ್ನು ಮೆತ್ತಗೆ ಮಾಡುತ್ತದೆ.

(ಇ) ಅಯಾನಿಕ್ ದ್ರವ. ಉಪ್ಪು ಗಟ್ಟಿ ಇರುವುದು ನಮಗೆ ಗೊತ್ತು. ಸಾಮಾನ್ಯ ಉಷ್ಣತೆಯಲ್ಲೇ ದ್ರವವಾಗಿರುವ ಕೆಲವು ವಿಶೇಷ ಉಪ್ಪುಗಳೂ ಇವೆ. ಅವು ಆವಿಯಾಗುವುದಿಲ್ಲ, ಆದ್ದರಿಂದ ಗಾಳಿಗೆ ಸೇರುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಪಾಲ್ ಪೇಂಟರ್ ಮತ್ತು ಸಂಗಡಿಗರು 2010ರ ಸುಮಾರಿಗೆ ಇದನ್ನು ಡಾಂಬರು ಮರಳಿನ ಮೇಲೆ ಪ್ರಯೋಗಿಸಿದರು. ಟೊಲ್ಯೂಯಿನ್ ಜೊತೆ ಈ ದ್ರವ ಸೇರಿಸಿ ಕಲಕಿ ಬಿಟ್ಟಾಗ ಮೇಲೆ ಡಾಂಬರು, ನಡುವೆ ಅಯಾನಿಕ್ ದ್ರವ, ಕೆಳಗೆ ಮರಳು ಹೀಗೆ ಪದರಗಳಾಗಿ ನಿಂತವು. ಬಿಸಿ ಮಾಡುವ ಅಗತ್ಯವಿರಲಿಲ್ಲ. ಮರಳಿಗೆ ಅಂಟಿದ ದ್ರವವನ್ನು ನೀರಿನಿಂದ ತೊಳೆದು ಮತ್ತೆ ಬಳಸಬಹುದು. ಈ ದ್ರವ ದುಬಾರಿ, ಮತ್ತು ತೊಳೆದ ನೀರಿನಿಂದ ಅದನ್ನು ಮರಳಿ ಪಡೆಯಲು ನೀರನ್ನು ಆರಿಸಬೇಕು. ಇವೆರಡೇ ಅಡ್ಡಿ.

(ಈ) ಗುಣ ಬದಲಾಯಿಸುವ ದ್ರಾವಕ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಫಿಲಿಪ್ ಜೆಸಪ್ ಅವರ ತಂಡದ ಕೆಲಸ ಇದು. ಕೆಲವು ಅಮೈನ್ ದ್ರಾವಕಗಳು ಎಣ್ಣೆಯಂತೆ ನೀರಿನ ಜೊತೆ ಸೇರುವುದಿಲ್ಲ. ಆದರೆ ಸೋಡಾ ಬಾಟಲಿಯಲ್ಲಿರುವ ಅನಿಲ, ಅಂದರೆ ಇಂಗಾಲದ ಡೈಆಕ್ಸೈಡನ್ನು ಹಾಯಿಸಿದ ಕೂಡಲೇ ನೀರಿನಲ್ಲಿ ಕರಗಿಬಿಡುತ್ತವೆ. ಮೊದಲು ಎಣ್ಣೆಯ ಗುಣದಲ್ಲಿ ಡಾಂಬರನ್ನು ಕರಗಿಸಿಕೊಳ್ಳುತ್ತವೆ. ಆಮೇಲೆ ನೀರು ಸೇರಿಸಿ ಅನಿಲ ಹಾಯಿಸಿದರೆ ದ್ರಾವಕ ನೀರಿಗೆ ಹೋಗುತ್ತದೆ, ಡಾಂಬರು ಬೇರೆಯಾಗುತ್ತದೆ. ನೀರಿನಿಂದ ಅನಿಲವನ್ನು ಓಡಿಸಿದರೆ ದ್ರಾವಕ ಮತ್ತೆ ಎಣ್ಣೆಯಾಗಿ ತೇಲುತ್ತದೆ. ದ್ರಾವಕವನ್ನು ಕುದಿಸಿ ಆವಿ ಮಾಡುವ ಕೆಲಸವೇ ಇಲ್ಲ. ಅಮೈನ್‌ಗಳಿಗೆ ವಾಸನೆಯೂ ವಿಷಗುಣವೂ ಇರುವುದರಿಂದ ನೀರಿನಲ್ಲಿ ಉಳಿಯುವ ಅಂಶವನ್ನು ಕಡಿಮೆ ಮಾಡಬೇಕಾಗುತ್ತದೆ.

(ಉ) ಒತ್ತಡದ ಇಂಗಾಲದ ಡೈಆಕ್ಸೈಡ್. 31 ಡಿಗ್ರಿ ಉಷ್ಣತೆ ಮತ್ತು ವಾತಾವರಣದ ಸುಮಾರು 73 ಪಟ್ಟು ಒತ್ತಡ ದಾಟಿದರೆ ಈ ಅನಿಲ ಅತ್ತ ಅನಿಲವೂ ಅಲ್ಲ, ಇತ್ತ ದ್ರವವೂ ಅಲ್ಲದ ಸ್ಥಿತಿಗೆ ಬಂದು ದ್ರಾವಕದಂತೆ ಕೆಲಸ ಮಾಡುತ್ತದೆ. ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಇದನ್ನು ಬಳಸುತ್ತಾರೆ. ಒತ್ತಡ ಇಳಿಸಿದರೆ ಅನಿಲವಾಗಿ ಹೊರಟುಹೋಗುತ್ತದೆ, ಏನೂ ಉಳಿಯುವುದಿಲ್ಲ. ಆದರೆ ಡಾಂಬರಿನ ಅತಿ ಭಾರದ ಭಾಗವನ್ನು ಇದು ಕರಗಿಸಲಾರದು, ರಸ್ತೆಗೆ ಬೇಕಾದ ಗಟ್ಟಿತನ ಕೊಡುವುದು ಆ ಭಾಗವೇ.

(ಊ) ನೀರಿಗೆ ನೆರವು. ಸೋಪಿನಂಥ ವಸ್ತುಗಳು, ಸೂಕ್ಷ್ಮಜೀವಿಗಳು ತಯಾರಿಸುವ ನೊರೆಗುಣದ ವಸ್ತುಗಳು, ಕಿವಿಗೆ ಕೇಳಿಸದ ಶಬ್ದತರಂಗ ಇವುಗಳಿಂದ ಕಡಿಮೆ ಬಿಸಿಯಲ್ಲೇ ಡಾಂಬರನ್ನು ಕಲ್ಲಿನಿಂದ ಬಿಡಿಸುವ ಪ್ರಯೋಗಗಳು ನಡೆದಿವೆ. ಬಟ್ಟೆ ಒಗೆಯುವ ತತ್ವವೇ ಇಲ್ಲೂ.

5. ಹಸಿರು ಎಂದು ಒಪ್ಪುವ ಮೊದಲು ಲೆಕ್ಕ ಹಾಕಬೇಕು

ಹೆಸರು ಹಸಿರಾದ ಮಾತ್ರಕ್ಕೆ ಕೆಲಸ ಹಸಿರಾಗುವುದಿಲ್ಲ. ವಿದ್ಯಾರ್ಥಿಗಳಿಗೆ ಅನುಕೂಲವಾಗಲೆಂದು ಎರಡು ಸಣ್ಣ ಲೆಕ್ಕ ಕೊಡುತ್ತೇವೆ.

ಮೊದಲನೆಯದು ದ್ರಾವಕದ ಲೆಕ್ಕ. ನೂರಕ್ಕೆ 20 ಭಾಗ ಡಾಂಬರಿರುವ ಕಲ್ಲನ್ನು ತೆಗೆದುಕೊಳ್ಳಿ. 1 ಟನ್ ಡಾಂಬರಿಗೆ 5 ಟನ್ ಕಲ್ಲು ಬೇಕು, 4 ಟನ್ ಪುಡಿ ಉಳಿಯುತ್ತದೆ. ಆ ಪುಡಿಯಲ್ಲಿ ನೂರಕ್ಕೆ 1 ಭಾಗ ದ್ರಾವಕ ಉಳಿದರೂ 40 ಕಿಲೋ ದ್ರಾವಕ ಮಣ್ಣಿಗೋ ಗಾಳಿಗೋ ಸೇರಿತು. ಅದನ್ನು ಸಾವಿರಕ್ಕೆ 1 ಭಾಗಕ್ಕೆ ಇಳಿಸಿದರೆ 4 ಕಿಲೋ ಮಾತ್ರ. ದ್ರಾವಕ ಯಾವುದು ಎಂಬುದರಷ್ಟೇ ಅದು ಎಷ್ಟು ಮರಳಿ ಸಿಗುತ್ತದೆ ಎಂಬುದೂ ಮುಖ್ಯ.

ಎರಡನೆಯದು ಬಿಸಿಯ ಲೆಕ್ಕ. 1 ಟನ್ ನೀರನ್ನು 30ರಿಂದ 80 ಡಿಗ್ರಿಗೆ ಏರಿಸಲು ಸುಮಾರು 210 ಮೆಗಾಜೂಲ್ ಶಕ್ತಿ ಬೇಕು, ಅಂದರೆ ಸುಮಾರು 6 ಲೀಟರ್ ಡೀಸೆಲ್ ಸುಟ್ಟಷ್ಟು. ಅದೇ 1 ಟನ್ ಕಲ್ಲಿಗೆ ಅದರ ಕಾಲು ಭಾಗಕ್ಕಿಂತ ಕಡಿಮೆ ಸಾಕು. ಬಿಸಿನೀರಿನ ಕ್ರಮದಲ್ಲಿ ಶಕ್ತಿಯನ್ನು ನುಂಗುವುದು ಕಲ್ಲಲ್ಲ, ನೀರು. ಒಮ್ಮೆ ಬಿಸಿಯಾದ ನೀರನ್ನು ಚೆಲ್ಲದೆ ತಿರುಗಿ ಬಳಸಿದರೆ ಇಂಧನವೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರಿಗೆ ಕಾದು ಕೂರುವ ನಮ್ಮ ರೈತ ಬಂಧುಗಳಿಗೆ ನೀರಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ಯಾವುದೇ ಕ್ರಮದ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಐದು. ದ್ರಾವಕ ಎಷ್ಟು ಕಳೆದುಹೋಗುತ್ತದೆ? ಇಂಧನ ಎಷ್ಟು? ನೀರು ಎಷ್ಟು, ಕೊನೆಗೆ ಅದು ಎಲ್ಲಿಗೆ ಹೋಗುತ್ತದೆ? ಉಳಿದ ಕಲ್ಲುಪುಡಿಯನ್ನು ಏನು ಮಾಡುತ್ತಾರೆ? ಸಿಕ್ಕ ಡಾಂಬರು ರಸ್ತೆಗೆ ತಕ್ಕ ಗುಣದ್ದೇ?

6. ನಮ್ಮ ಊರಿನ ಡಾಂಬರು ಕಲ್ಲು: ಅಗೆದು ಹಾಕಿದ ಹಳೆಯ ರಸ್ತೆ

ಬೆಟ್ಟದಲ್ಲಿ ಇಲ್ಲದ ಡಾಂಬರು ಕಲ್ಲು ನಮ್ಮ ರಸ್ತೆಯಲ್ಲಿದೆ. ಹಳೆಯ ರಸ್ತೆಯ ಪದರವೆಂದರೆ ಜೆಲ್ಲಿಗೆ ಡಾಂಬರು ಅಂಟಿದ ಗಟ್ಟಿ. ಮನುಷ್ಯ ಮಾಡಿದ ಡಾಂಬರು ಕಲ್ಲು.

ಒಂದು ಲೆಕ್ಕ ನೋಡಿ. 3.75 ಮೀಟರ್ ಅಗಲದ ಹಳ್ಳಿ ರಸ್ತೆಯಲ್ಲಿ 25 ಮಿಲಿಮೀಟರ್ ದಪ್ಪದ ಡಾಂಬರು ಪದರವಿದ್ದರೆ 1 ಕಿಲೋಮೀಟರಿಗೆ ಸುಮಾರು 215 ಟನ್ ಮಿಶ್ರಣ ಆಗುತ್ತದೆ. ನೂರಕ್ಕೆ ಐದರಷ್ಟು ಡಾಂಬರು ಎಂದರೂ ಅದರಲ್ಲಿ ಸುಮಾರು 10 ಟನ್ ಡಾಂಬರು, 200 ಟನ್‌ಗೂ ಹೆಚ್ಚು ಜೆಲ್ಲಿ ಇದೆ. ಎರೆಭೂಮಿಯಲ್ಲಿ ಹಾಸಿದ ನಮ್ಮ ಕಡೆಯ ರಸ್ತೆಗಳು ಮಳೆಗಾಲದಲ್ಲಿ ಮಣ್ಣು ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಬೇಗ ಬಿರುಕು ಬಿಡುತ್ತವೆ. ಹೀಗಾಗಿ ಅಗೆಯುವುದೂ ಮತ್ತೆ ಹಾಕುವುದೂ ಹೆಚ್ಚು. ಅಗೆದದ್ದನ್ನು ಹೊಲದ ಬದುವಿಗೋ ಹಳ್ಳಕ್ಕೋ ಸುರಿದರೆ ಅಷ್ಟು ಡಾಂಬರು, ಅಷ್ಟು ಬೆಟ್ಟ ವ್ಯರ್ಥ.

ಇಲ್ಲಿ ದ್ರಾವಕ ಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ಕ್ರಮದಂತೆ ಬೇರ್ಪಡಿಸದೆ ಬಳಸುವುದೇ ಸರಿ. ಹಳೆಯ ಪದರವನ್ನು ಕೆರೆದು, ಒಡೆದು, ಜರಡಿ ಹಿಡಿದು ಹೊಸ ಜೆಲ್ಲಿ, ಹೊಸ ಡಾಂಬರಿನ ಜೊತೆ ಒಂದು ಪಾಲು ಸೇರಿಸುತ್ತಾರೆ. ಹಳೆಯ ಡಾಂಬರು ಬಿಸಿಲಿಗೆ ಗಡುಸಾಗಿರುವುದರಿಂದ ಅದನ್ನು ಮೆತ್ತಗೆ ಮಾಡುವ ಎಣ್ಣೆಯನ್ನೂ ಬೆರೆಸಬೇಕಾಗಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲೇ ಇದಕ್ಕಾಗಿ ಐಆರ್‌ಸಿ 120 ಎಂಬ ಮಾರ್ಗಸೂಚಿಯನ್ನು ಹೊರಡಿಸಿದೆ. ಹಳೆಯದರ ಮೇಲೆಯೇ ಪದರ ಹಾಕುತ್ತಾ ಹೋದರೆ ರಸ್ತೆ ಎತ್ತರವಾಗಿ ಮಳೆನೀರು ಮನೆಯೊಳಗೆ ಬರುವುದು ಎಲ್ಲ ಊರುಗಳ ದೂರು. ಕೆರೆದು ಹಾಕಿದರೆ ಆ ತೊಂದರೆಯೂ ತಪ್ಪುತ್ತದೆ.

7. ಕಡಿಮೆ ಹೊಗೆಯ ಇತರ ದಾರಿಗಳು

ತಣ್ಣನೆಯ ಮಿಶ್ರಣ: ಡಾಂಬರನ್ನು ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆಸಿದ ಎಮಲ್ಷನ್ ಅನ್ನು ಕಾಯಿಸದೆ ಜೆಲ್ಲಿಗೆ ಕಲಸಬಹುದು. ಒಲೆ ಇಲ್ಲ, ಹೊಗೆ ಇಲ್ಲ. ಗುಂಡಿ ಮುಚ್ಚಲು, ಕಡಿಮೆ ವಾಹನ ಓಡುವ ಹಳ್ಳಿ ರಸ್ತೆಗೆ ಒಳ್ಳೆಯದು. ನೀರು ಆರಿ ಗಟ್ಟಿಯಾಗಲು ಸಮಯ ಬೇಕು. ಆಗಲೇ ಮಳೆ ಬಂದರೆ ಕೆಡುತ್ತದೆ. ಇದಕ್ಕೆ 2014ರ ಐಆರ್‌ಸಿ ಎಸ್‌ಪಿ 100 ಮಾರ್ಗಸೂಚಿ ಇದೆ.

ಬೆಚ್ಚನೆಯ ಮಿಶ್ರಣ: ಸಾಮಾನ್ಯವಾಗಿ ಮಿಶ್ರಣವನ್ನು 150ರಿಂದ 165 ಡಿಗ್ರಿಯಲ್ಲಿ ತಯಾರಿಸುತ್ತಾರೆ. ಕೆಲವು ವಸ್ತುಗಳನ್ನು ಸೇರಿಸಿದರೆ ಸುಮಾರು 30 ಡಿಗ್ರಿ ಕಡಿಮೆಯಲ್ಲೇ ಕೆಲಸವಾಗುತ್ತದೆ. ಇಂಧನ ಉಳಿಯುತ್ತದೆ, ಕೆಲಸಗಾರರಿಗೆ ಹೊಗೆ ಕಡಿಮೆ.

ಪ್ಲಾಸ್ಟಿಕ್ ಸೇರಿಸಿದ ಡಾಂಬರು: ಇದರಲ್ಲಿ ಕನ್ನಡ ನಾಡಿಗೆ ಒಂದು ಹಿರಿಮೆ ಇದೆ. ಬೆಂಗಳೂರಿನ ಅಹ್ಮದ್ ಖಾನ್, ರಸೂಲ್ ಖಾನ್ ಸಹೋದರರ ಕೆ.ಕೆ. ಪ್ಲಾಸ್ಟಿಕ್ ಸಂಸ್ಥೆ 2000ದ ದಶಕದ ಆರಂಭದಲ್ಲೇ ಬೆಂಗಳೂರಿನ ಬೀದಿಗಳಲ್ಲಿ ಇದನ್ನು ಮಾಡಿ ತೋರಿಸಿತು, ಬೆಂಗಳೂರು ವಿಶ್ವವಿದ್ಯಾಲಯದವರು ಪರೀಕ್ಷಿಸಿದರು. ಮದುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಕಾದ ಜೆಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಹಾಕಿ ಲೇಪ ಕೊಡುವ ಕ್ರಮ ರೂಪಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಪಿವಿಸಿ ಪೈಪು, ವೈರಿನ ಹೊದಿಕೆ ಇದಕ್ಕೆ ಸೇರಿಸಬಾರದು. ಬಿಸಿಗೆ ವಿಷದ ಅನಿಲ ಬರುತ್ತದೆ.

ಹುಲ್ಲಿನ ಡಾಂಬರು: ಭತ್ತದ ಹುಲ್ಲಿನಂಥ ಹೊಲದ ಕಸದಿಂದ ಡಾಂಬರಿನ ಒಂದು ಪಾಲನ್ನು ತಯಾರಿಸುವ ಕೆಲಸ ನಮ್ಮ ದೇಶದಲ್ಲೇ ನಡೆದಿದೆ. ನಾಗಪುರದ ಬಳಿ ಮನ್ಸರ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಒಂದು ಭಾಗದಲ್ಲಿ ಸಸ್ಯಗಳ ಲಿಗ್ನಿನ್ ಬೆರೆಸಿದ ಡಾಂಬರು ಹಾಕಿ 2024ರ ಡಿಸೆಂಬರಿನಲ್ಲಿ ಉದ್ಘಾಟಿಸಿದರು. ಸಿರಿಗುಪ್ಪದಿಂದ ಕೌತಾಳಂವರೆಗೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ನಮಗೆ ಇದು ಗಮನಿಸಬೇಕಾದ ಸುದ್ದಿ. ಇಂದು ಹೊಲದಲ್ಲಿ ಸುಡುವ ಹುಲ್ಲಿಗೆ ನಾಳೆ ಬೆಲೆ ಬರಬಹುದು. ಆದರೂ ದನಕರುಗಳ ಪಾಲು ಮೊದಲು.

8. ರಸ್ತೆ ಕೆಲಸಕ್ಕೆ ಹೋಗುವವರಿಗೆ

ಈ ಭಾಗವನ್ನು ಓದು ಬಾರದವರಿಗೆ ದಯವಿಟ್ಟು ಓದಿ ಹೇಳಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.

• ಕಾದ ಡಾಂಬರು ಮೈಮೇಲೆ ಬಿದ್ದರೆ ಕೂಡಲೇ ಕನಿಷ್ಠ 20 ನಿಮಿಷ ತಣ್ಣೀರು ಸುರಿಯಿರಿ. ಅಂಟಿದ ಡಾಂಬರನ್ನು ಕೀಳಬೇಡಿ, ಚರ್ಮವೂ ಕಿತ್ತು ಬರುತ್ತದೆ. ಸೀಮೆಎಣ್ಣೆ, ಪೆಟ್ರೋಲು ಹಚ್ಚಬೇಡಿ. ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಿರಿ, ತೆಗೆಯುವುದು ವೈದ್ಯರ ಕೆಲಸ. ಬೆರಳು, ತೋಳಿನ ಸುತ್ತ ಉಂಗುರದಂತೆ ಹಿಡಿದಿದ್ದರೆ ಆರಿದಂತೆ ಬಿಗಿದು ರಕ್ತ ನಿಲ್ಲಿಸಬಹುದು, ತಡ ಮಾಡಬೇಡಿ.

• ಕಾದ ಡಾಂಬರಿಗೆ ನೀರು ಸೋಕಬಾರದು. ನೀರು ಕ್ಷಣದಲ್ಲಿ ಆವಿಯಾಗಿ ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗಿ ಡಾಂಬರು ಉಕ್ಕಿ ಸಿಡಿಯುತ್ತದೆ. ಮಳೆಯಲ್ಲಿ ನೆನೆದ ಡ್ರಮ್ಮನ್ನು ನೇರವಾಗಿ ಬೆಂಕಿಗೆ ಇಡಬೇಡಿ.

• ಟ್ಯಾಂಕರಿನ ಮುಚ್ಚಳ ತೆರೆದು ಒಳಗೆ ಬಗ್ಗಿ ನೋಡಬೇಡಿ. ಒಳಗೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಸೇರಿರಬಹುದು. ಅದು ಹೆಚ್ಚಾದರೆ ವಾಸನೆಯೇ ತಿಳಿಯದಂತಾಗುತ್ತದೆ.

• ಡಾಂಬರು ಕಾಯಿಸಲು ಹಳೆಯ ಟೈರು, ಪ್ಲಾಸ್ಟಿಕ್ ಸುಡಬೇಡಿ. ಆ ಹೊಗೆ ಡಾಂಬರಿನ ಹೊಗೆಗಿಂತ ಕೆಟ್ಟದ್ದು.

• ಪೂರ್ಣ ತೋಳಿನ ಅಂಗಿ, ಬೂಟು, ಕೈಗವಸು ಕೇಳಿ ಪಡೆಯಿರಿ. ಗಾಳಿ ಬೀಸುವ ದಿಕ್ಕು ನೋಡಿ ಹೊಗೆ ಮುಖಕ್ಕೆ ಬರದ ಕಡೆ ನಿಲ್ಲಿ. ಕೂಸುಗಳನ್ನು ಒಲೆಯ ಬಳಿ ಮಲಗಿಸಬೇಡಿ. ಊಟಕ್ಕೆ ಮುನ್ನ ಕೈಯನ್ನು ಅಡುಗೆ ಎಣ್ಣೆ ಹಚ್ಚಿ ಒರೆಸಿ, ಸೋಪಿನಿಂದ ತೊಳೆಯಿರಿ.

9. ಊರಿನವರು ಗಮನಿಸಬೇಕಾದದ್ದು

• ಖಾಲಿ ಡಾಂಬರು ಡ್ರಮ್ಮಿನಲ್ಲಿ ಕುಡಿಯುವ ನೀರು, ಕಾಳು ಇಡಬಾರದು. ಸುಟ್ಟು ಒರೆಸಿದರೂ ಅಂಚಿನಲ್ಲಿ ಡಾಂಬರು ಉಳಿದಿರುತ್ತದೆ.

• ಅಗೆದ ಹಳೆಯ ರಸ್ತೆಯ ಚೂರುಗಳನ್ನು ಒಲೆಗೆ, ಇಟ್ಟಿಗೆ ಗೂಡಿಗೆ ಹಾಕಬಾರದು. ಕೆರೆಯಂಗಳ, ಬಾವಿಯ ಪಕ್ಕ ಸುರಿಯಲು ಬಿಡಬಾರದು.

• ಹೊಸ ರಸ್ತೆ ಆಗುವಾಗ ಫಲಕ ಓದಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗೆ ಕಾಮಗಾರಿ ಮುಗಿದ ಮೇಲೆ 5 ವರ್ಷ ಗುತ್ತಿಗೆದಾರರೇ ನಿರ್ವಹಣೆ ಮಾಡಬೇಕು. ಫಲಕ ತೆಲುಗಿನಲ್ಲಿದ್ದು ಓದಲು ಬಾರದಿದ್ದರೆ ಓದುವ ಮಕ್ಕಳಿಂದ ಓದಿಸಿ, ದಿನಾಂಕ ಬರೆದಿಟ್ಟುಕೊಳ್ಳಿ.

• ಹಳೆಯ ಪದರವನ್ನು ಕೆರೆದು ಮತ್ತೆ ಬಳಸುತ್ತಾರೆಯೇ, ತಣ್ಣನೆಯ ಮಿಶ್ರಣಕ್ಕೆ ಅವಕಾಶ ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಡಬಹುದು.

1953ರ ಅಕ್ಟೋಬರ್ 1ರವರೆಗೆ ಆದೋನಿ ತಾಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಆದರೆ ಶ್ರಾವಣದಲ್ಲಿ ಉರುಕುಂದಿ ಈರಣ್ಣನ ದರ್ಶನಕ್ಕೆ ಬರುವವರು, ಮಂತ್ರಾಲಯಕ್ಕೆ ಹೋಗುವವರು, ಬೀಗರ ಮನೆಗೆ ಸಿರಿಗುಪ್ಪ, ರಾಯಚೂರಿಗೆ ಹೊರಡುವವರು ಎಲ್ಲರೂ ಇದೇ ರಸ್ತೆಗಳಲ್ಲಿ ಓಡಾಡುತ್ತೇವೆ. ಅದನ್ನು ಹಾಕುವವರ ಆರೋಗ್ಯವೂ, ಅದು ಹಾದುಹೋಗುವ ಹೊಲದ ಮಣ್ಣೂ ಕೆಡದಂತೆ ನೋಡಿಕೊಳ್ಳುವುದು ಎರಡೂ ಕಡೆಯವರ ಹೊಣೆ.

ಮೇಲ್ಕಂಡ ವಿಷಯದಲ್ಲಿ ತಿಳಿವಳಿಕೆ ಇರುವ ಇಂಜಿನಿಯರ್ ಮಿತ್ರರು, ರಸ್ತೆ ಕೆಲಸದ ಅನುಭವಿಗಳು ತಮ್ಮ ಮಾತನ್ನು ಕನ್ನಡದಲ್ಲಿ ಬರೆದು ಕಳುಹಿಸಿದರೆ ಮುಂದಿನ ಪ್ರಕಟಣೆಯಲ್ಲಿ ಸೇರಿಸಿಕೊಳ್ಳುತ್ತೇವೆ. ಬರೆಯಲು ಆಗದವರು ಹೇಳಿದರೆ ನಾವೇ ಬರೆದುಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಕೌತಾಳಂ